ಅಬ್ಬಾರ ಕಣ್ಣಿನ ಹನಿ

ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ. ಕಳೆದ ವರ್ಷ ದಸರಾ ರಜೆ ಮುಗಿದ ವಾರದಿಂದ ಆ ತಟ್ಟೆಯಲ್ಲಿ ಯಾರೂ ಊಟ ಮಾಡಿಲ್ಲ. ಅದು ಅಬ್ಬಾರ ಕಣ್ಣಿನ ಔಷಧದ ತಟ್ಟೆ. ಬಿಳಿ ಮುಚ್ಚಳದ್ದು, ಕೆಂಪು ಮುಚ್ಚಳದ್ದು, ಹಳದಿ ಮುಚ್ಚಳದ್ದು ಎಂದು ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಬಾಟಲಿಗೂ ನಾನು ಬಿಳಿ ಪಟ್ಟಿ ಅಂಟಿಸಿ ‘ಬಲ’, ‘ಎಡ’ ಎಂದು ಬರೆದಿದ್ದೇನೆ. ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ತಟ್ಟೆ.

ಅಬ್ಬಾರಿಗೆ ಈಗ ನಲವತ್ತೇಳು ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಭಟ್ಟಿ ನೋಡದವರಿಗೆ ಹೇಳುತ್ತೇನೆ, ಅಲ್ಲಿ ಕೆಂಪಗೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾರೆ. ಅಕ್ಕಿ ಅರಳುವುದು ಕ್ಷಣದ ಮಾತು, ಹೊಗೆ ಮಾತ್ರ ದಿನವಿಡೀ. ಬೆಳಗಿನ ಜಾವ ಎರಡು ಗಂಟೆಗೆ ಹೋಗಿ ಮಧ್ಯಾಹ್ನ ಬರುವ ಅಬ್ಬಾರ ಕಣ್ಣು ಯಾವಾಗಲೂ ಕೆಂಪಾಗಿರುತ್ತಿತ್ತು. ಅಬ್ಬಾರ ಕಣ್ಣು ಅಂದರೆ ಕೆಂಪೇ ಎಂದು ಚಿಕ್ಕವಳಿದ್ದಾಗ ನಾನು ತಿಳಿದಿದ್ದೆ.

ಉರಿ ತಡೆಯಲಾಗದಾಗ ಅವರು ಮೆಡಿಕಲ್ ಅಂಗಡಿಯಿಂದ ಒಂದು ಹನಿ ತರುತ್ತಿದ್ದರು. ಚೀಟಿ ಇಲ್ಲ, ಡಾಕ್ಟರ್ ಇಲ್ಲ. ‘ಆ ಕೆಂಪು ಕಣ್ಣಿನ ಡ್ರಾಪ್ಸ್ ಕೊಡಪ್ಪ’ ಎಂದರೆ ಸಾಕು. ಹಾಕಿದ ಅರ್ಧ ಗಂಟೆಗೆ ಕಣ್ಣು ತಣ್ಣಗಾಗುತ್ತಿತ್ತು. ಭಟ್ಟಿಯ ಅರ್ಧದಷ್ಟು ಜನ ಅದನ್ನೇ ಹಾಕುತ್ತಿದ್ದರು. ಆ ಬಾಟಲಿಯಲ್ಲಿ ಸ್ಟಿರಾಯ್ಡ್ ಇತ್ತು. ಇದು ನಮಗೆ ತಿಳಿಯುವ ಹೊತ್ತಿಗೆ ಏಳೆಂಟು ವರ್ಷ ಕಳೆದಿತ್ತು.

ತಿಳಿದದ್ದು ಹೇಗೆಂದರೆ, ಒಂದು ದಿನ ಅಬ್ಬಾ ವಜೂ ಮಾಡುವಾಗ ಬಲಗಣ್ಣಿಗೆ ಸೋಪಿನ ನೀರು ಬಿತ್ತು. ಆ ಕಣ್ಣು ಮುಚ್ಚಿಕೊಂಡೇ ಟವೆಲ್ ಹುಡುಕಲು ಹೋದರೆ ಎದುರಿಗಿದ್ದ ಗೋಡೆಯೇ ಕಾಣಲಿಲ್ಲ. ಎಡಗಣ್ಣು ಯಾವಾಗ ಹೋಯಿತೋ ಅವರಿಗೇ ಗೊತ್ತಿಲ್ಲ. ಗ್ಲಾಕೋಮಾ ಹಾಗೆಯೇ ಬರುತ್ತದಂತೆ. ನೋವಿಲ್ಲ, ಸದ್ದಿಲ್ಲ. ಅಂಚಿನಿಂದ ನೋಟ ತಿನ್ನುತ್ತಾ ಬಂದು ನಡುವಿನದನ್ನು ಕೊನೆಗೆ ಬಿಡುತ್ತದೆ. ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ.

ರೈಲಿನಲ್ಲಿ ಮೂರು ಗಂಟೆ ದಾರಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಕಣ್ಣೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ ಇರಬೇಕು. ಅಬ್ಬಾರದ್ದು ಎಡಕ್ಕೆ 42, ಬಲಕ್ಕೆ 34. ಹತ್ತನೇ ತರಗತಿಯಲ್ಲಿ ಕಣ್ಣಿನ ಚಿತ್ರ ಬಿಡಿಸಿ ‘ಜಲರಸ’ ಎಂದು ಬಾಣದ ಗುರುತು ಹಾಕಿ ಅಂಕ ಪಡೆದಿದ್ದೆ. ಆ ರಸ ಕಣ್ಣೊಳಗೆ ಸದಾ ಹುಟ್ಟುತ್ತಾ, ಒಂದು ಸಣ್ಣ ಜಾಲರಿಯ ಮೂಲಕ ಹೊರಗೆ ಹರಿಯುತ್ತಾ ಇರುತ್ತದೆ ಎಂದು ಡಾಕ್ಟರ್ ಹೇಳಿದಾಗಲೇ ನನಗೆ ಆ ಬಾಣದ ಅರ್ಥ ತಿಳಿದದ್ದು. ಕೆಲವರಿಗೆ ಸ್ಟಿರಾಯ್ಡ್ ಹನಿ ಬಹಳ ದಿನ ಹಾಕಿದರೆ ಆ ಜಾಲರಿ ಕಟ್ಟಿಕೊಳ್ಳುತ್ತದೆ. ರಸ ಹುಟ್ಟುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ. ಒತ್ತಡ ಏರಿ ಹಿಂದಿನ ನರ ಸಾಯುತ್ತದೆ. ಸತ್ತ ನರ ಮತ್ತೆ ಚಿಗುರುವುದಿಲ್ಲ.

“ಎಡಗಣ್ಣಿನದು ಹೋಯಿತು. ಬಲಗಣ್ಣಿನಲ್ಲಿ ಉಳಿದದ್ದನ್ನು ಉಳಿಸಿಕೊಳ್ಳೋಣ” ಎಂದರು ಡಾಕ್ಟರ್ ಮೇಡಂ.

ಮೂರು ಬಗೆಯ ಹನಿ ಹಾಕಿದರೂ ಬಲಗಣ್ಣಿನ ಒತ್ತಡ 28ಕ್ಕಿಂತ ಕೆಳಗೆ ಇಳಿಯಲಿಲ್ಲ. ಆಪರೇಷನ್ ಎಂದಾಯಿತು. ಟ್ರಾಬೆಕ್ಯುಲೆಕ್ಟಮಿ ಎಂಬುದು ಅದರ ಹೆಸರು. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಎಂಬ ವೈದ್ಯರು ಇದನ್ನು ವಿವರಿಸಿದರು ಎಂದು ಆಮೇಲೆ ಓದಿದೆ. ಕಣ್ಣಿನ ಬಿಳಿಗುಡ್ಡೆಯಲ್ಲಿ ಒಂದು ಸಣ್ಣ ಬಾಗಿಲು ಮಾಡಿ, ರಸವನ್ನು ಮೇಲಿನ ತೆಳು ಪೊರೆಯ ಕೆಳಕ್ಕೆ ಹರಿಯಲು ಬಿಡುತ್ತಾರೆ. ಅಲ್ಲಿ, ಮೇಲಿನ ರೆಪ್ಪೆಯ ಮರೆಯಲ್ಲಿ ಒಂದು ಪುಟ್ಟ ಗುಳ್ಳೆ ಏಳುತ್ತದೆ. ಆ ಗುಳ್ಳೆಗೆ ‘ಬ್ಲೆಬ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಈಗ ದಾದಿಯೂ ‘ಬಿಲಿಬ್ ಹೇಗಿದೆ?’ ಎಂದು ಕೇಳುತ್ತಾರೆ.

ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯಿತು. ಇದ್ದ ಒಂದೇ ಕಣ್ಣಿಗೆ ಪಟ್ಟಿ ಹಾಕಿದ್ದರಿಂದ ಆ ರಾತ್ರಿ ಅಬ್ಬಾರಿಗೆ ಏನೂ ಕಾಣಲಿಲ್ಲ. ನಾನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ. ಬಾಗಿಲ ಹೊರಗೆ ನಿಂತಾಗ, “ಇಲ್ಲೇ ಇದ್ದೀಯಾ ಬೇಟಾ?” ಎಂದು ಎರಡು ಸಲ ಕೇಳಿದರು. ನನ್ನ ಅಬ್ಬಾ ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಪಟ್ಟಿ ತೆಗೆದರು. ಒತ್ತಡ 9. ಎಲ್ಲರೂ ಖುಷಿಯಾದೆವು. ಎಲ್ಲ ಮುಗಿಯಿತು ಎಂದುಕೊಂಡೆವು. ನಿಜ ಹೇಳಬೇಕೆಂದರೆ ಶುರುವಾದದ್ದೇ ಆಗ.

ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಬಲಗಣ್ಣಿಗೆ ಹಳೆಯ ಒತ್ತಡದ ಹನಿಗಳು ಬಂದ್, ಎಡಗಣ್ಣಿಗೆ ಮಾತ್ರ ಮುಂದುವರಿಕೆ. ಬಲಗಣ್ಣಿಗೆ ಆಂಟಿಬಯೋಟಿಕ್ ದಿನಕ್ಕೆ ನಾಲ್ಕು ಸಲ, ಪಾಪೆ ಹಿಗ್ಗಿಸುವ ಅಟ್ರೋಪಿನ್ ಎರಡು ಸಲ. ಇನ್ನೊಂದು ಪ್ರೆಡ್ನಿಸೋಲೋನ್, ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ. ನಾನು ಮೊಬೈಲಿನಲ್ಲಿ ಆ ಹೆಸರು ಹುಡುಕಿ ನೋಡಿದೆ. ಸ್ಟಿರಾಯ್ಡ್! ಗಾಬರಿಯಲ್ಲಿ ಜೋರಾಗಿಯೇ ಓದಿಬಿಟ್ಟೆ. ಅದು ನನ್ನ ತಪ್ಪು.

ಅಬ್ಬಾ ಮಂಚದ ಮೇಲಿಂದಲೇ ಕೇಳಿದರು, “ಇದೇ ಅಲ್ವಾ ನನ್ನ ಕಣ್ಣು ತಿಂದಿದ್ದು?”

ಅಮ್ಮಿ, “ದೊಡ್ಡ ಡಾಕ್ಟರು ಸುಮ್ನೆ ಬರೀತಾರಾ?” ಎಂದರು. ಅಬ್ಬಾ ಮಾತಾಡಲಿಲ್ಲ. ಸಂಜೆ ನಾನು ಹಾಕಿದರೆ ಹಾಕಿಸಿಕೊಳ್ಳುತ್ತಿದ್ದರು. ಆದರೆ ನಾನು ಬೆಳಗ್ಗೆ ಎಂಟೂವರೆಗೆ ಕಾಲೇಜಿಗೆ ಹೊರಟರೆ ಬರುವುದು ನಾಲ್ಕೂವರೆಗೆ. ಅಮ್ಮಿ ಬೀಡಿ ಎಲೆ ತರಲು ಹೋಗುತ್ತಾರೆ, ದಾದಿಯ ಕೈ ನಡುಗುತ್ತದೆ. “ನಾನೇ ಹಾಕ್ಕೊತೀನಿ ಬಿಡು” ಎಂದರು ಅಬ್ಬಾ. ಸಂಜೆ ಕೇಳಿದರೆ, “ಆಯ್ತು, ಹಾಕ್ಕೊಂಡೆ.”

ಆರನೇ ದಿನ ಬಾಟಲಿ ಎತ್ತಿದಾಗ ನನಗೆ ಅನುಮಾನ ಬಂತು. ಆಂಟಿಬಯೋಟಿಕ್ ಅರ್ಧಕ್ಕೆ ಬಂದಿದೆ, ಅದಕ್ಕಿಂತ ಹೆಚ್ಚು ಸಲ ಹಾಕಬೇಕಾದ ಪ್ರೆಡ್ನಿಸೋಲೋನ್ ಹೆಚ್ಚುಕಡಿಮೆ ತುಂಬಿದಂತೆಯೇ ಇದೆ. ತಳದಲ್ಲಿ ಬಿಳಿ ಪುಡಿ ಕೂತಿತ್ತು. ಅದು ದ್ರಾವಣ ಅಲ್ಲ, ನಿಲಂಬನ. ಕುಲುಕದೆ ಹಾಕಿದರೆ ಮೇಲಿನ ನೀರು ಮಾತ್ರ ಬೀಳುತ್ತದೆ, ಔಷಧ ಕೆಳಗೇ ಉಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ಓದಿದ್ದು ಅಡುಗೆಕೋಣೆಯ ಕಿಟಕಿಯಲ್ಲಿ ಕಾಣಿಸಿತು. ಆದರೂ ನಾನು ಏನೂ ಹೇಳಲಿಲ್ಲ. ಅಬ್ಬಾರನ್ನು ‘ನೀವು ಸುಳ್ಳು ಹೇಳಿದಿರಿ’ ಎಂದು ಹೇಗೆ ಕೇಳುವುದು? ಮರುದಿನ ಭೌತಶಾಸ್ತ್ರದ ಕಿರುಪರೀಕ್ಷೆಯೂ ಇತ್ತು. ಅದು ನೆಪ ಎಂದು ನನಗೆ ಆಗಲೂ ಗೊತ್ತಿತ್ತು.

ಹನ್ನೆರಡನೇ ದಿನದ ತಪಾಸಣೆಗೆ ನಾನೂ ಹೋದೆ. ಒತ್ತಡ 25. ಗುಳ್ಳೆ ಚಪ್ಪಟೆಯಾಗಿತ್ತು, ಸುತ್ತ ರಕ್ತನಾಳ ಕೆಂಪಾಗಿದ್ದವು. ಮೇಡಂ ಯಂತ್ರದಿಂದ ಮುಖ ಸರಿಸಿ ಕೇಳಿದರು, “ಬಿಳಿ ಹನಿ ಸರಿಯಾಗಿ ಹಾಕ್ತಾ ಇದ್ದೀರಾ?”

“ಹೂಂ ಮೇಡಂ” ಎಂದರು ಅಬ್ಬಾ.

ಅಮ್ಮಿ ನನ್ನ ಮುಖ ನೋಡಿದರು. ಅಂದರೆ ಅಮ್ಮಿಗೂ ಗೊತ್ತಿತ್ತು. ಮೇಡಂ ಚೀಟಿಯಲ್ಲಿ ಏನೋ ಬರೆಯತೊಡಗಿದರು. ನನ್ನ ಗಂಟಲು ಒಣಗಿತ್ತು. “ಇಲ್ಲ ಮೇಡಂ, ಹಗಲಿನಲ್ಲಿ ಹಾಕಿಲ್ಲ” ಎಂದೆ. ಕೋಣೆಯಲ್ಲಿ ಇನ್ನೂ ಇಬ್ಬರು ರೋಗಿಗಳಿದ್ದರು. ಅಬ್ಬಾ ನನ್ನತ್ತ ತಿರುಗಲಿಲ್ಲ. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು.

ಬೈಯುತ್ತಾರೆ ಎಂದುಕೊಂಡಿದ್ದೆ. ಮೇಡಂ ಪೆನ್ನು ಕೆಳಗಿಟ್ಟು ಅಬ್ಬಾರ ಕಡೆ ಕುರ್ಚಿ ಎಳೆದುಕೊಂಡರು. “ನಿಮ್ಮ ಭಯ ಸರಿಯಾಗೇ ಇದೆ. ನಾವು ಮೊದಲೇ ಬಿಡಿಸಿ ಹೇಳಬೇಕಿತ್ತು” ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಬೇರೆ ಎಲ್ಲ ಆಪರೇಷನ್ನಿನಲ್ಲಿ ಗಾಯ ಬೇಗ ಮಾಯಲಿ ಎಂದು ಬಯಸುತ್ತೇವೆ. ಇದೊಂದರಲ್ಲಿ ಗಾಯ ಪೂರ್ತಿ ಮಾಯಬಾರದು. ಮಾಯ್ದರೆ, ಮಾಡಿಟ್ಟ ಬಾಗಿಲು ಮುಚ್ಚಿಹೋಗುತ್ತದೆ. ದೇಹಕ್ಕೆ ಅದು ತಿಳಿಯುವುದಿಲ್ಲ, ಅದು ಗಾಯ ಕಂಡರೆ ಹೊಲಿಯುತ್ತದೆ. ಸ್ಟಿರಾಯ್ಡ್ ಆ ಹೊಲಿಗೆಯನ್ನು ನಿಧಾನ ಮಾಡುತ್ತದೆ. ಮೊದಲು ಅದು ಕಟ್ಟಿಹಾಕಿದ್ದು ಹುಟ್ಟಿನಿಂದ ಬಂದ ಹಳೆಯ ಜಾಲರಿಯನ್ನು. ಈಗ ನೀರು ಹೋಗುವುದು ಹೊಸ ದಾರಿಯಲ್ಲಿ. “ಆಗ ಯಾರೂ ನಿಮ್ಮ ಒತ್ತಡ ಅಳೆಯುತ್ತಿರಲಿಲ್ಲ. ಈಗ ಪ್ರತಿ ಸಲ ನಾನು ಅಳೀತೀನಿ.”

ಅಬ್ಬಾ ಸ್ವಲ್ಪ ಹೊತ್ತು ಬಿಟ್ಟು, “ಹೀಗೆ ಹೇಳಿದ್ರೆ ಹಾಕ್ಕೊತಿದ್ದೆ” ಎಂದರು.

ಗುಳ್ಳೆ ಪೂರ್ತಿ ಕೂತಿರಲಿಲ್ಲ. ಆ ಬಾಗಿಲಿಗೆ ಬಿಗಿಯಾಗಿ ಹಾಕಿದ್ದ ಹೊಲಿಗೆಗಳಲ್ಲಿ ಒಂದನ್ನು ಲೇಸರಿನಿಂದ ಕತ್ತರಿಸಿದರು. ಚರ್ಮ ಕೊಯ್ಯದೆ, ಬೆಳಕಿನಿಂದಲೇ. ಅರ್ಧ ಗಂಟೆಯಲ್ಲಿ ಒತ್ತಡ 13ಕ್ಕೆ ಇಳಿಯಿತು. ರೈಲಿನಲ್ಲಿ ವಾಪಸು ಬರುವಾಗ ಅಬ್ಬಾ ನನ್ನೊಡನೆ ಮಾತಾಡಲಿಲ್ಲ. ಹರಿಹರ ದಾಟಿದ ಮೇಲೆ ಶೇಂಗಾ ಪೊಟ್ಟಣ ಕೊಂಡು ಮೊದಲು ನನ್ನ ಕೈಗೆ ಕೊಟ್ಟರು. ಅಷ್ಟೇ.

ಆದರೆ ಮೂರನೇ ದಿನ ಅವರು, “ಎಲ್ಲ ನೀರಿನೊಳಗಿಂದ ನೋಡಿದ ಹಾಗೆ ಕಾಣ್ತಿದೆ” ಎಂದರು. ಮತ್ತೆ ಆಸ್ಪತ್ರೆ. ಈ ಸಲ ಒತ್ತಡ 4. ಹೆಚ್ಚಾದರೆ ನರಕ್ಕೆ ಕೆಟ್ಟದ್ದು, ತೀರಾ ಕಡಿಮೆಯಾದರೆ ಕಣ್ಣೇ ಗಾಳಿ ಹೋದ ಚೆಂಡಿನಂತೆ ಮೆತ್ತಗಾಗುತ್ತದೆ. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಗುಳ್ಳೆ ಎಲ್ಲೂ ಹೊರಕ್ಕೆ ಸೋರುತ್ತಿರಲಿಲ್ಲ, ನೀರು ಒಳಗೇ ಹೆಚ್ಚಾಗಿ ಹರಿಯುತ್ತಿತ್ತು. ಸ್ಕ್ಯಾನಿನಲ್ಲಿ ಕಣ್ಣಿನ ಒಳಪದರದ ಹಿಂದೆ ದ್ರವ ತುಂಬಿ ಉಬ್ಬಿರುವುದು ಕಂಡಿತು. ನನಗೆ ಕಾಲಲ್ಲಿ ಬಲವೇ ಇರಲಿಲ್ಲ. ನಾನು ಬಾಯಿ ಬಿಟ್ಟದ್ದಕ್ಕೇ ಲೇಸರ್ ಮಾಡಿದರು, ಅದಕ್ಕೇ ಹೀಗಾಯಿತು ಎಂದು ಅನ್ನಿಸಿತು. ಕೇಳಿಯೂ ಬಿಟ್ಟೆ. ಮೇಡಂ, “ಹಾಗಲ್ಲಮ್ಮ, ಮುಚ್ಚಿದ್ದರೆ ಇನ್ನೂ ಕಷ್ಟವಿತ್ತು. ಇದು ಹೆಚ್ಚಿನ ಸಲ ತಾನಾಗಿ ಸರಿಯಾಗುತ್ತೆ, ಕಾಯೋಣ” ಎಂದರು. ತಡೆಯಲಾಗದ ನೋವು ಒಮ್ಮೆಗೇ ಬಂದರೆ ರಾತ್ರಿಯಾದರೂ ಹೊರಟು ಬರಬೇಕು ಎಂದೂ ಹೇಳಿದರು.

ಕಾಯುವುದು ಎಂದರೆ ಸುಮ್ಮನಿರುವುದಲ್ಲ. ಭಾರ ಎತ್ತಬಾರದು, ತಲೆ ಬಗ್ಗಿಸಬಾರದು, ಉಸಿರು ಬಿಗಿಹಿಡಿದು ಮುಕ್ಕರಿಸಬಾರದು, ಕಣ್ಣು ಉಜ್ಜಬಾರದು. ಭಟ್ಟಿಯ ಹೊಗೆ ಕುಡಿದ ಎದೆ, ಕೆಮ್ಮು ಬಂದರೆ ಅಬ್ಬಾ ಮಂಚದ ಮೇಲೇ ಎದ್ದು ಕೂರುತ್ತಿದ್ದರು. ಡಾಕ್ಟರನ್ನು ಕೇಳಿ ಕೆಮ್ಮಿನ ಔಷಧ ತಂದೆವು. ಮಲಬದ್ಧತೆ ಆಗದಿರಲಿ ಎಂದು ಅಮ್ಮಿ ದಿನಾ ಪಪ್ಪಾಯಿ, ರಾತ್ರಿ ಇಸಬಗೋಲು. ಇದನ್ನು ಕಾಲೇಜಿನ ಪತ್ರಿಕೆಯಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಆ ವಾರಗಳಲ್ಲಿ ನಮ್ಮ ಮನೆಯ ದೊಡ್ಡ ಸುದ್ದಿಯೇ ಅದಾಗಿತ್ತು. ರಾತ್ರಿ ಗೊತ್ತಿಲ್ಲದೆ ಉಜ್ಜದಂತೆ ಕಣ್ಣಿಗೆ ತೂತುಗಳಿದ್ದ ಪ್ಲಾಸ್ಟಿಕ್ ಕವಚ ಅಂಟಿಸುತ್ತಿದ್ದೆ. ನನ್ನ ತಮ್ಮ ಅಬ್ಬಾರನ್ನು ‘ಕ್ಯಾಪ್ಟನ್’ ಎಂದು ಕರೆಯತೊಡಗಿದ.

ಅಬ್ಬಾರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ನಮಾಜು. ಸಜ್ದಾಕ್ಕೆ ಹಣೆ ನೆಲಕ್ಕಿಡುವಂತಿಲ್ಲ, ವಜೂವಿಗೆ ಮುಖದ ಮೇಲೆ ನೀರು ಚಿಮುಕಿಸುವಂತಿಲ್ಲ. ಎರಡು ಶುಕ್ರವಾರ ಮಸೀದಿಗೇ ಹೋಗಲಿಲ್ಲ. ಕೊನೆಗೆ ಹಜ್ರತ್ ಅವರೇ ಮನೆಗೆ ಬಂದರು. “ಡಾಕ್ಟರು ನೀರು ಬೇಡ ಅಂದರೆ ಬೇಡ. ಒದ್ದೆ ಕೈಯಿಂದ ಕಣ್ಣು ಬಿಟ್ಟು ಸವರಿಕೋ. ಕುರ್ಚಿಯ ಮೇಲೆ ಕೂತು ಇಶಾರೆಯಲ್ಲಿ ಓದು. ಅಲ್ಲಾಹನು ತಾಕತ್ತಿಗಿಂತ ಹೆಚ್ಚು ಕೇಳುವುದಿಲ್ಲ” ಎಂದರು. ಮುಂದಿನ ಜುಮಾಗೆ ಅಬ್ಬಾ ಹೋದರು. ಕೊನೆಯ ಸಾಲಿನಲ್ಲಿ ಎಪ್ಪತ್ತು ದಾಟಿದ ಮುದುಕರ ಜೊತೆ ಕುರ್ಚಿ ಹಾಕಿಕೊಂಡು ಕೂತದ್ದಕ್ಕೆ ಬಹಳ ನಾಚಿಕೆಯಾಯಿತಂತೆ. ರಮಜಾನ್ ಬಂದಾಗಲೂ ಅದೇ ಪ್ರಶ್ನೆ, ಹನಿ ಹಾಕಿದರೆ ರೋಜಾ ಮುರಿಯುತ್ತದೆಯೇ? ಇಲ್ಲ ಎಂದು ಹಜ್ರತ್ ಸ್ಪಷ್ಟವಾಗಿ ಹೇಳಿದರು. ಕೇಳದೆ ಬಿಟ್ಟಿದ್ದರೆ ಒಂದು ತಿಂಗಳ ಹನಿ ತಪ್ಪುತ್ತಿತ್ತು. ನಮ್ಮ ಬೀದಿಯಲ್ಲಿ ಹಾಗೆ ಬಿಟ್ಟವರಿದ್ದಾರೆ.

ಒತ್ತಡ 4 ಇದ್ದದ್ದು ಮೂರು ವಾರದಲ್ಲಿ 6, ಆಮೇಲೆ 10 ಆಯಿತು. ಉಬ್ಬಿದ್ದ ಪದರ ಕೂತಿತು. ನೋಟ ತಿಳಿಯಾಯಿತು. ಒಂದು ಬೆಳಗ್ಗೆ ಅಬ್ಬಾ ಗೋಡೆಯ ಕ್ಯಾಲೆಂಡರಿನ ದಿನಾಂಕ ಗಟ್ಟಿಯಾಗಿ ಓದಿದರು. ಅಮ್ಮಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡರು.

ಹನಿ ಹಾಕುವುದರಲ್ಲಿ ನಾನೀಗ ನಿಪುಣೆ. ಸೋಪಿನಲ್ಲಿ ಕೈ ತೊಳೆಯಬೇಕು. ಬಾಟಲಿ ಕುಲುಕಬೇಕು. ಕೆಳರೆಪ್ಪೆಯನ್ನಷ್ಟೇ ಎಳೆಯಬೇಕು, ಕಣ್ಣುಗುಡ್ಡೆ ಒತ್ತಬಾರದು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಒಂದೇ ಹನಿ ಸಾಕು, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಆ ಐದು ನಿಮಿಷಗಳಲ್ಲಿ ನಾನು ಆವರ್ತಕ ಕೋಷ್ಟಕ ಬಾಯಿಪಾಠ ಮಾಡಿದ್ದೇನೆ. ಅಬ್ಬಾರಿಗೂ ಈಗ ಕ್ಯಾಲ್ಸಿಯಂವರೆಗೆ ಬರುತ್ತದೆ.

ಎಂಟನೇ ತಿಂಗಳು. ಜೂನ್, ನಾನು ದ್ವಿತೀಯ ಪಿಯುಸಿಗೆ ಬಂದಿದ್ದೆ. ಅಬ್ಬಾ ಭಟ್ಟಿಯ ಒಲೆ ಬಿಟ್ಟು ಅದೇ ಮಾಲೀಕರ ಗೋದಾಮಿನಲ್ಲಿ ಚೀಲದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದರು. ಸಂಬಳ ಕಡಿಮೆ, ಹೊಗೆಯೂ ಕಡಿಮೆ. ಒಂದು ಬೆಳಗ್ಗೆ ಹನಿ ಹಾಕಲು ಹೋದರೆ ಬಲಗಣ್ಣು ಕೆಂಪು. ಬೆಳಕು ಕಂಡರೆ ಮುಚ್ಚಿಕೊಳ್ಳುತ್ತಿದ್ದರು, ರೆಪ್ಪೆಯ ಅಂಚಿನಲ್ಲಿ ಪಿಸುರು. “ಗೋದಾಮಿನ ಧೂಳು” ಎಂದರು ಅಬ್ಬಾ. ಪಕ್ಕದ ಮನೆಯವರು, “ಮೆಡಿಕಲ್‌ನಲ್ಲಿ ಒಂದು ಡ್ರಾಪ್ಸ್ ತಗೊಳ್ಳಿ, ಸಂಜೆಗೆ ಇಳಿಯುತ್ತೆ” ಎಂದರು. ಅಂದು ನನಗೆ ಮೊದಲ ಕಿರುಪರೀಕ್ಷೆ, ಹತ್ತು ಗಂಟೆಗೆ ರಸಾಯನಶಾಸ್ತ್ರ.

ಮೇಡಂ ಬಿಡುಗಡೆಯ ಚೀಟಿಯ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟಿದ್ದರು: ಕೆಂಪು, ನೋವು, ಬೆಳಕು ತಡೆಯದಿರುವುದು, ಮಂಜು, ಕೀವು. ಇವುಗಳಲ್ಲಿ ಯಾವುದೇ ಬಂದರೂ ಅಂದೇ ಬರಬೇಕು, ಹತ್ತು ವರ್ಷದ ನಂತರವಾದರೂ ಸರಿ. ಗುಳ್ಳೆಯ ಗೋಡೆ ಬಹಳ ತೆಳು. ಅದರ ಮೂಲಕ ರೋಗಾಣು ಒಳಗೆ ಇಳಿದರೆ ಒಂದೆರಡು ದಿನದಲ್ಲಿ ಕಣ್ಣೇ ಹೋಗಬಹುದು. ನಾನು ಸಮವಸ್ತ್ರದಲ್ಲೇ ಸ್ಟೇಷನ್ನಿಗೆ ಹೋದೆ. ಅಬ್ಬಾ ದಾರಿಯುದ್ದಕ್ಕೂ, “ನಿನ್ನ ಪರೀಕ್ಷೆ ಹೋಯ್ತಲ್ಲ” ಎನ್ನುತ್ತಲೇ ಇದ್ದರು.

ಸೋಂಕು ಗುಳ್ಳೆಯಲ್ಲಷ್ಟೇ ಇತ್ತು, ಕಣ್ಣಿನ ಒಳಗೆ ಇಳಿದಿರಲಿಲ್ಲ. ಎರಡು ದಿನ ಅಲ್ಲೇ ಇಟ್ಟುಕೊಂಡು ಗಂಟೆಗೊಮ್ಮೆ ಆಂಟಿಬಯೋಟಿಕ್ ಹಾಕಿದರು, ರಾತ್ರಿಯೂ. ಒಂದು ಪಾಳಿ ನರ್ಸ್, ಒಂದು ಪಾಳಿ ನಾನು. ಮೂರನೇ ದಿನ ಕೆಂಪು ಇಳಿಯತೊಡಗಿತು. ನಮ್ಮ ಪ್ರಾಂಶುಪಾಲರು ಮರುಪರೀಕ್ಷೆಗೆ ಅವಕಾಶ ಕೊಟ್ಟರು. 40ಕ್ಕೆ 27 ಬಂತು. ನಿಲಂಬನದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ವಾರ ಅಬ್ಬಾ ಭಟ್ಟಿಗೆ ಹೋಗಿ ಹಳೆಯ ಜೊತೆಗಾರರ ಬಾಟಲಿಗಳನ್ನು ಕೇಳಿ ಈಸಿಕೊಂಡು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು ನನ್ನ ಮುಂದೆ ಸುರಿದರು. “ಯಾವುದರಲ್ಲಿ ಇದೆ ನೋಡು” ಎಂದರು. ಒಂಬತ್ತು ಬಾಟಲಿ, ಆರರಲ್ಲಿ ಸ್ಟಿರಾಯ್ಡ್ ಇತ್ತು. ಆ ಆರು ಜನರಲ್ಲಿ ನಾಲ್ವರು ಕಣ್ಣಿನ ಒತ್ತಡ ಅಳೆಸಿಕೊಂಡಿದ್ದಾರೆ. ಒಬ್ಬರದ್ದು 30 ಇತ್ತು. ಇನ್ನಿಬ್ಬರು, ‘ನಮಗೇನಾಗಿದೆ, ಚೆನ್ನಾಗೇ ಕಾಣುತ್ತಲ್ಲ’ ಎನ್ನುತ್ತಾರೆ. ಅಬ್ಬಾ ಅವರ ಹಿಂದೆ ಬಿದ್ದಿದ್ದಾರೆ. ತಂದೆ ತಾಯಿಗೆ ಗ್ಲಾಕೋಮಾ ಇದ್ದರೆ ಮಕ್ಕಳೂ ನೋಡಿಸಿಕೊಳ್ಳಬೇಕು ಎಂದು ಮೇಡಂ ಹೇಳಿದ್ದರಿಂದ ನನ್ನದನ್ನೂ ತಮ್ಮನದನ್ನೂ ಅಳೆಸಿದೆವು. ನನಗೆ 16, ಅವನಿಗೆ 15.

ಅಬ್ಬಾರ ಬಲಗಣ್ಣು ಮೊನ್ನೆ 12 ಇತ್ತು. ಆದರೆ ಪೊರೆ ಬರುತ್ತಿದೆ. ಈ ಆಪರೇಷನ್ ಆದವರಿಗೆ ಅದು ಬೇಗ ಬರುತ್ತದೆ ಎಂದು ಮೊದಲೇ ಹೇಳಿದ್ದರು. ಪೊರೆ ತೆಗೆದರೆ ಗುಳ್ಳೆ ಕೆಡುವ ಸಂಭವವೂ ಇದೆ, ಆದ್ದರಿಂದ ಕಾಣುವಷ್ಟು ದಿನ ತಳ್ಳೋಣ ಎಂದಿದ್ದಾರೆ ಮೇಡಂ. ಅಬ್ಬಾ ಈಗ ಗೋದಾಮಿನ ಲೆಕ್ಕದ ಪುಸ್ತಕವನ್ನು ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಬರೆಯುತ್ತಾರೆ. ಅಂಕಿಗಳು ಮೊದಲಿಗಿಂತ ದೊಡ್ಡದಾಗಿವೆ. ಮುಂದಿನ ತಪಾಸಣೆ ನನ್ನ ಪೂರ್ವಸಿದ್ಧತಾ ಪರೀಕ್ಷೆಯ ವಾರದಲ್ಲೇ ಬಂದಿದೆ. ಈ ಸಲ ತಮ್ಮ ಹೋಗುತ್ತಾನೆ. ಮೊನ್ನೆ ಅವನಿಗೆ ಬಾಟಲಿ ಕುಲುಕುವುದನ್ನು ಕಲಿಸಿದೆ.